ಲಾರಿ ಗೊತ್ತು ಮಾಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಪುಣೆಯ ಭೋಸರಿ ಎಂಐಡಿಸಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಪಂಪುಗಳ ಬಿಡಿಭಾಗ ತಯಾರಿಸಿ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿಗೆ ಕಳಿಸುತ್ತೇವೆ. ಬಹಳ ವರ್ಷಗಳಿಂದ ಪರಿಚಯವಿದ್ದ ಟ್ರಾನ್ಸ್‌ಪೋರ್ಟಿನವರು ವ್ಯವಹಾರ ನಿಲ್ಲಿಸಿದ್ದಾರೆ. ಈಗ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಕೆಲವು ಕಡೆ ವಿಚಾರಿಸಿದ್ದೇನೆ. ಎಲ್ಲರೂ ವಿಸಿಟಿಂಗ್ ಕಾರ್ಡ್ ಕೊಡುತ್ತಾರೆ, ಎಲ್ಲರ ದರವೂ ಹೆಚ್ಚುಕಡಿಮೆ ಒಂದೇ. ಕಂಪನಿಯ ನೋಂದಣಿ ಸರಿಯಿದೆಯೇ, ಅವರ ಗಾಡಿಗಳು ಸುರಕ್ಷಿತವೇ ಎಂಬುದನ್ನು ನನ್ನಂಥವರು ಹೇಗೆ ತಿಳಿಯಬೇಕು?
— ಓದುಗರು, ಭೋಸರಿ, ಪುಣೆ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬೇರೆಬೇರೆಯಾಗಿಯೇ ನೋಡಬೇಕು. ಕಂಪನಿಯ ಕಾಗದಪತ್ರ ಒಂದು, ಗಾಡಿಯ ಕಾಗದಪತ್ರ ಇನ್ನೊಂದು. ಬುಕಿಂಗ್ ಆಫೀಸಿನ ಬೋರ್ಡಿನ ಮೇಲಿರುವ ಹೆಸರಿಗೂ ನಿಮ್ಮ ಗೇಟಿಗೆ ಬಂದು ನಿಲ್ಲುವ ಲಾರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಸ್ವಂತ ಗಾಡಿ ಖಾಲಿ ಇಲ್ಲದ ದಿನ ಅವರು ದಲ್ಲಾಳಿಯ ಮೂಲಕ ಹೊರಗಿನ ಗಾಡಿ ತರಿಸಿ ನಿಮ್ಮ ಮಾಲು ಹೇರಿಸುತ್ತಾರೆ. ಇದು ಕಾನೂನಿಗೆ ವಿರುದ್ಧವಲ್ಲ, ಈ ವ್ಯವಹಾರ ನಡೆಯುವುದೇ ಹೀಗೆ. ಆದರೆ ಕಂಪನಿಯನ್ನು ಮಾತ್ರ ಪರೀಕ್ಷಿಸಿ ಸಮಾಧಾನಪಟ್ಟವರು ಗಾಡಿಯನ್ನು ಪರೀಕ್ಷಿಸಿದಂತಾಗುವುದಿಲ್ಲ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಸುಲಭವಾಗಿ ಸಿಗುವ ಸುರಕ್ಷತೆಯ ದಾಖಲೆ ಇರುವುದು ಗಾಡಿಯ ನಂಬರಿನ ಮೇಲೆ. ಆದ್ದರಿಂದ ಪ್ರತಿ ಬುಕಿಂಗಿಗೂ ಗಾಡಿಯ ನಂಬರನ್ನು ಹಿಂದಿನ ದಿನವೇ ಕೇಳಿ ಪಡೆಯುವ ರೂಢಿ ಇಟ್ಟುಕೊಳ್ಳಿ.

ಮೊದಲು ಕಂಪನಿಯ ವಿಷಯ. ಬಾಡಿಗೆಗೆ ಎಲ್ಲರ ಸರಕನ್ನೂ ಸಾಗಿಸುವವರು, ಬುಕಿಂಗ್ ಏಜೆಂಟರು ಮತ್ತು ದಲ್ಲಾಳಿಗಳೂ ಸೇರಿದಂತೆ, 2007ರ ರಸ್ತೆ ಸರಕು ಸಾಗಣೆ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. 1865ರ ಹಳೆಯ ಕಾಯಿದೆಯ ಜಾಗಕ್ಕೆ ಬಂದ ಈ ಕಾಯಿದೆ ತನ್ನ ನಿಯಮಗಳೊಂದಿಗೆ 2011ರಲ್ಲಿ ಜಾರಿಯಾಯಿತು. ನೋಂದಣಿಯನ್ನು ಸಾರಿಗೆ ಪ್ರಾಧಿಕಾರ ಕೊಡುತ್ತದೆ, ಅದರ ಅವಧಿ ಹತ್ತು ವರ್ಷ. ನೀವು ಕೇಳಬೇಕಾದ ಮೊದಲ ಕಾಗದ ಈ ಪ್ರಮಾಣಪತ್ರದ ಪ್ರತಿ. ಅದರಲ್ಲಿರುವ ಹೆಸರು, ಬಿಲ್ಟಿಯ (ಸರಕು ಒಪ್ಪಿಸಿಕೊಂಡದ್ದಕ್ಕೆ ಅವರು ಕೊಡುವ ರಸೀದಿಯ) ಮೇಲೆ ಮುದ್ರಿಸಿರುವ ಹೆಸರು ಮತ್ತು ನೀವು ಹಣ ಹಾಕುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು. ಬಿಲ್ಟಿ ಒಬ್ಬರದು, ಖಾತೆ ಇನ್ನೊಬ್ಬರದು ಎಂದಾದರೆ ಮಾಲು ಕಳೆದ ದಿನ ನೀವು ಯಾರ ಮೇಲೆ ದಾವೆ ಹೂಡಬೇಕು ಎಂಬುದೇ ದೊಡ್ಡ ವಿವಾದವಾಗುತ್ತದೆ.

ಜಿಎಸ್‌ಟಿ ನಂಬರು ಕೊಟ್ಟರೆ ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿ. ಕಾನೂನುಬದ್ಧ ಹೆಸರು, ನೋಂದಣಿಯಾದ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ತುಂಬುತ್ತಿದ್ದಾರೋ ಇಲ್ಲವೋ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ‘ಮೂವತ್ತು ವರ್ಷದ ಅನುಭವ’ ಎಂದು ಕಾರ್ಡಿನ ಮೇಲೆ ಮುದ್ರಿಸಿರುವವರ ನೋಂದಣಿ ಕಳೆದ ವರ್ಷದ್ದಾಗಿದ್ದರೆ ಕಾರಣ ಕೇಳುವುದು ನಿಮ್ಮ ಹಕ್ಕು. ಆದರೆ ಇಲ್ಲಿ ಒಂದು ಎಚ್ಚರವೂ ಬೇಕು: ಸರಕು ಸಾಗಣೆಯಲ್ಲಿ ತೆರಿಗೆಯನ್ನು ಬಾಡಿಗೆ ಕೊಡುವ ಸಂಸ್ಥೆಯೇ ಕಟ್ಟುವ ಪದ್ಧತಿ ಇರುವುದರಿಂದ, ಆ ರೀತಿಯ ವ್ಯವಹಾರ ಮಾತ್ರ ಮಾಡುವ ಟ್ರಾನ್ಸ್‌ಪೋರ್ಟಿನವರು ಜಿಎಸ್‌ಟಿ ನೋಂದಣಿ ಮಾಡಿಸದೆಯೂ ಇರಬಹುದು. ಅಂಥವರ ಬಳಿ ಇ-ವೇ ಬಿಲ್ಲಿಗಾಗಿ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿಯ ವಿದ್ಯುನ್ಮಾನ ಸಾಗಣೆ ಪತ್ರಕ್ಕಾಗಿ) ಪಡೆದ 15 ಅಂಕಿಯ ಟ್ರಾನ್ಸ್‌ಪೋರ್ಟರ್ ಐಡಿ ಇರುತ್ತದೆ. ಜಿಎಸ್‌ಟಿ ಇಲ್ಲವೆಂಬ ಒಂದೇ ಕಾರಣಕ್ಕೆ ಪ್ರಾಮಾಣಿಕರಾದ ಸಣ್ಣ ಟ್ರಾನ್ಸ್‌ಪೋರ್ಟಿನವರನ್ನು ಅನುಮಾನಿಸಬೇಡಿ.

ಇನ್ನು ಗಾಡಿಯ ವಿಷಯ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ, ಜನ ಕೈಬಿಡುವುದೂ ಇದನ್ನೇ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಅಥವಾ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಮೊಬೈಲ್ ನಂಬರಿನಿಂದ ಲಾಗಿನ್ ಆಗಿ ಗಾಡಿಯ ನಂಬರು ಹಾಕಿದರೆ ಗಾಡಿಯ ವರ್ಗ, ನೋಂದಣಿಯಾದ ಆರ್‌ಟಿಒ, ಭಾಗಶಃ ಮರೆಮಾಡಿದ ಮಾಲೀಕರ ಹೆಸರು, ಫಿಟ್‌ನೆಸ್, ವಿಮೆ, ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಮತ್ತು ಪರ್ಮಿಟ್ಟಿನ ಕೊನೆಯ ದಿನಾಂಕಗಳು ಸಿಗುತ್ತವೆ. ಇವುಗಳಲ್ಲಿ ಫಿಟ್‌ನೆಸ್ ಅನ್ನು ಮೊದಲು ನೋಡಿ. ನಿಮ್ಮ ಕಡೆ ಇದನ್ನು ಪಾಸಿಂಗ್ ಎಂದೂ ಕರೆಯುತ್ತಾರೆ. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಪ್ರತಿ ವರ್ಷ ಪಾಸಿಂಗ್ ಆಗಬೇಕು. ಮೋಟಾರು ವಾಹನ ಕಾಯಿದೆಯ 56ನೆಯ ಕಲಮಿನ ಪ್ರಕಾರ ಚಾಲ್ತಿಯಲ್ಲಿರುವ ಫಿಟ್‌ನೆಸ್ ಪ್ರಮಾಣಪತ್ರ ಇಲ್ಲದ ಸಾರಿಗೆ ವಾಹನವನ್ನು ಸಕ್ರಮವಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ. ಒಂದು ದಿನ ಮೀರಿದ್ದರೂ ಆ ಗಾಡಿಗೆ ನಿಮ್ಮ ಮಾಲು ಹೇರಬೇಡಿ, ಏಕೆಂದರೆ ದಾರಿಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಮೊದಲು ತಕರಾರು ತೆಗೆಯುವುದೇ ಈ ದಿನಾಂಕದ ಮೇಲೆ. ನಿಮ್ಮ ಮಾಲು ರಾಜ್ಯದ ಗಡಿ ದಾಟುವುದರಿಂದ ನ್ಯಾಷನಲ್ ಪರ್ಮಿಟ್ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಬೇಕು. ಪರ್ಮಿಟ್ ಐದು ವರ್ಷದ್ದಾದರೂ ಅದರ ಅನುಮತಿಯನ್ನು ವರ್ಷವರ್ಷವೂ ಶುಲ್ಕ ಕಟ್ಟಿ ನವೀಕರಿಸಬೇಕು, ಆದ್ದರಿಂದ ಎರಡೂ ದಿನಾಂಕಗಳನ್ನು ಕೇಳಿ.

ಗಾಡಿಯ ನಡತೆ ತಿಳಿಯಬೇಕಾದರೆ ಇ-ಚಲನ್ ಜಾಲತಾಣಕ್ಕೆ ಹೋಗಬೇಕು. ಅಲ್ಲಿ ಗಾಡಿಯ ನಂಬರಿನ ಜೊತೆಗೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಕ್ಷರಗಳನ್ನು ಕೇಳುತ್ತಾರೆ; ಆದ್ದರಿಂದ ಆರ್‌ಸಿಯ (ಗಾಡಿಯ ನೋಂದಣಿ ಪತ್ರದ) ಪ್ರತಿಯನ್ನು ಮೊದಲೇ ಪಡೆಯಿರಿ. ಚಲನ್‌ಗಳ ಸಂಖ್ಯೆಗಿಂತ ಅವು ಯಾವುದಕ್ಕೆ ಬಿದ್ದಿವೆ ಎಂಬುದನ್ನು ಗಮನಿಸಿ. ಮುಂಬಯಿ, ಪುಣೆಯಲ್ಲಿ ಓಡುವ ಗಾಡಿಗೆ ನೋ ಪಾರ್ಕಿಂಗ್ ಮತ್ತು ನೋ ಎಂಟ್ರಿ ದಂಡಗಳು ಬೀಳದೆ ಇರುವುದು ಅಪರೂಪ, ಅವುಗಳಿಂದ ಯಾರನ್ನೂ ಅಳೆಯಲಾಗುವುದಿಲ್ಲ. ಅತಿವೇಗ, ಓವರ್‌ಲೋಡ್, ಅಪಾಯಕಾರಿ ಚಾಲನೆ, ಉರಿಯದ ಹಿಂಬದಿ ದೀಪ ಇವು ಮತ್ತೆ ಮತ್ತೆ ಕಂಡರೆ ಅದು ಬೇರೆಯೇ ಮಾತು. ಒಂದು ಕಂಪನಿಯಿಂದ ಐದಾರು ಬುಕಿಂಗ್ ಆಗುವ ಹೊತ್ತಿಗೆ ಐದಾರು ಗಾಡಿಗಳ ಇಂಥ ವಿವರ ನಿಮ್ಮ ಬಳಿ ಸೇರಿರುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಆ ಕಂಪನಿ ಎಂಥ ಗಾಡಿಗಳನ್ನು ಕಳಿಸುತ್ತದೆ ಎಂಬುದರ ದಾಖಲೆಯನ್ನು ನೀವೇ ಕಟ್ಟಿಕೊಂಡಂತಾಗುತ್ತದೆ.

ಗಾಡಿ ಗೇಟಿಗೆ ಬಂದ ಮೇಲೆ ಹತ್ತು ನಿಮಿಷ ಅದರ ಸುತ್ತ ಓಡಾಡಿ. ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿಸ್ ನಂಬರು ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಎಣ್ಣೆ ಮಣ್ಣು ಮೆತ್ತಿಕೊಂಡಿದ್ದರೆ ಒರೆಸಿ ಓದಲು ಹೇಳಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಬಣ್ಣದ ಪ್ರತಿಫಲಕ ಪಟ್ಟಿಗಳಿರಬೇಕು. ಹಿಂಬದಿಯಲ್ಲಿ, ಚಿಕ್ಕ ವಾಹನ ಲಾರಿಯ ಅಡಿಗೆ ನುಗ್ಗದಂತೆ ತಡೆಯುವ ಅಡ್ಡಪಟ್ಟಿ ಗಟ್ಟಿಯಾಗಿರಬೇಕು. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದನ್ನು ಬಗ್ಗಿ ನೋಡಿ, ಸವೆದ ಟೈರನ್ನು ಒಳಗಡೆಗೆ ಹಾಕುವುದು ಸಾಮಾನ್ಯ. ಚಾಲಕರ ಲೈಸೆನ್ಸ್ ಆ ಗಾಡಿಯ ವರ್ಗಕ್ಕೆ ಸರಿಹೊಂದಬೇಕು. ಒಟ್ಟು ತೂಕ 7,500 ಕಿಲೋ ಮೀರದ ಟೆಂಪೊಗಳನ್ನು ಲಘು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಅದಕ್ಕಿಂತ ಭಾರದ ಲಾರಿಗೆ ಸಾರಿಗೆ ವಾಹನದ ಲೈಸೆನ್ಸೇ ಬೇಕು.

ಇಲ್ಲಿ ಸರಕು ಕಳಿಸುವವರ ಹೊಣೆಯನ್ನೂ ಹೇಳದೆ ಇರಲಾರೆ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದಷ್ಟೇ ನೀವು ಹೇರಬಹುದಾದ ಭಾರ. ಕೇಂದ್ರ ಸರ್ಕಾರ 2018ರ ಜುಲೈಯಲ್ಲಿ ಎರಡು ಆ್ಯಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಆದರೆ ನಿಮ್ಮೆದುರು ನಿಂತಿರುವ ಗಾಡಿಯ ಆರ್‌ಸಿಯಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಮಿತಿ ಮೀರಿದರೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಈ ಕಲಮು ಓಡಿಸಿದವರಿಗೆ ಮಾತ್ರವಲ್ಲದೆ ಓಡಿಸಲು ಕಾರಣರಾದವರಿಗೂ ಅನ್ವಯಿಸುವಂತೆ ಬರೆದಿರುವಂಥದ್ದು. ಹಾಗೆಯೇ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಚಾಲಕರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವನ್ನು ನಿಗದಿ ಮಾಡಿತ್ತು; 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಪುಣೆಯಿಂದ ಬೆಂಗಳೂರಿಗೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಸಂಜೆ ಮಾಲು ಹೇರಿ ನಾಳೆ ಬೆಳಿಗ್ಗೆಗೇ ಮುಟ್ಟಬೇಕೆಂದು ಪಟ್ಟು ಹಿಡಿಯುವವರು, ಒಬ್ಬರೇ ಚಾಲಕರಿಗೆ ಇಡೀ ರಾತ್ರಿ ನಿದ್ದೆಗೆಟ್ಟು ಓಡಿಸಿ ಎಂದು ಹೇಳಿದ ಹಾಗೆಯೇ. ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ರಸ್ತೆಯನ್ನು ನೀವು ಬಲ್ಲಿರಿ. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಭಾರಿ ಲಾರಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಇಂಥ ಉದ್ದನೆಯ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕೈಕೊಡುತ್ತದೆ. ಬಾಡಿಗೆಯನ್ನು ಅತಿಯಾಗಿ ಚೌಕಾಶಿ ಮಾಡಿ ಇಳಿಸಿದಾಗ ಆ ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ದಯವಿಟ್ಟು ಯೋಚಿಸಿ.

ಕೊನೆಗೆ ಬಿಲ್ಟಿಯ ಮಾತು. ಗಾಡಿಗೆ ಇರುವ ಥರ್ಡ್ ಪಾರ್ಟಿ ವಿಮೆ ನಿಮ್ಮ ಮಾಲಿಗೆ ಅನ್ವಯಿಸುವುದಿಲ್ಲ. ನಿಯಮದ ಪ್ರಕಾರ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಎಂದರೆ ನೀವು 15,000 ರೂಪಾಯಿ ಬಾಡಿಗೆ ಕೊಟ್ಟು 8 ಲಕ್ಷದ ಮಾಲು ಕಳಿಸಿದರೆ, ಅದು ಪೂರ್ತಿ ನಾಶವಾದರೂ ನಿಮಗೆ ಸಿಗಬಹುದಾದದ್ದು ಒಂದೂವರೆ ಲಕ್ಷ. ಮಾಲಿನ ಬೆಲೆಯನ್ನು ಮೊದಲೇ ಘೋಷಿಸಿ ಹೆಚ್ಚಿನ ದರ ಒಪ್ಪಿಕೊಂಡರೆ ಈ ಮಿತಿ ಏರುತ್ತದೆ. ಇಲ್ಲವೇ ನೀವೇ ಟ್ರಾನ್ಸಿಟ್ ವಿಮೆ ಮಾಡಿಸಬೇಕು. ನಿಯಮಿತವಾಗಿ ಕಳಿಸುವ ನಿಮಗೆ ವರ್ಷದ ಪಾಲಿಸಿಯೇ ಅನುಕೂಲ ಎಂದು ನನ್ನ ಅಭಿಪ್ರಾಯ. ನಷ್ಟವಾದರೆ ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಲೇಬೇಕು, ಕೊಡದಿದ್ದರೆ ದಾವೆಯೇ ನಿಲ್ಲುವುದಿಲ್ಲ. ‘ನೋಡೋಣ, ಮಾಡೋಣ’ ಎನ್ನುವ ಮಾತು ಕೇಳುತ್ತಾ ಎಷ್ಟೋ ವ್ಯಾಪಾರಿಗಳು ಈ ಅವಧಿಯನ್ನು ಕಳೆದುಕೊಳ್ಳುತ್ತಾರೆ. ನೋಟಿಸ್ ಕೊಟ್ಟ ಮೇಲೆ, ಸಾಗಣೆದಾರರ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಾದ ಅಗತ್ಯವನ್ನು ಕಾಯಿದೆ ನಿಮ್ಮ ಮೇಲೆ ಹೊರಿಸಿಲ್ಲ.

ಪ್ರಶ್ನೆ: ನನ್ನ ಪತಿ ನಿವೃತ್ತರಾಗಿದ್ದಾರೆ. ಡೊಂಬಿವಲಿಯ ಮನೆ ಮಾರಿ ಊರಿಗೆ, ಕುಂದಾಪುರಕ್ಕೆ ಹೋಗಿ ನೆಲೆಸಬೇಕೆಂದಿದ್ದೇವೆ. ಮನೆಯ ಸಾಮಾನು ಸಾಗಿಸಲು ಫೋನಿನಲ್ಲಿ ವಿಚಾರಿಸಿದಾಗ ಒಬ್ಬರು ಉಳಿದವರಿಗಿಂತ ಬಹಳ ಕಡಿಮೆ ದರ ಹೇಳಿ, ಅರ್ಧ ಹಣ ಈಗಲೇ ಕಳಿಸಿ ಎನ್ನುತ್ತಿದ್ದಾರೆ. ಹೆಸರು ಕೇಳಿದಂತಿದೆ. ನಂಬಬಹುದೇ?
— ಓದುಗರು, ಡೊಂಬಿವಲಿ

ಉತ್ತರ: ಅಮ್ಮಾ, ಹಣ ಕಳಿಸಬೇಡಿ. ಹೆಸರು ಕೇಳಿದಂತಿದೆ ಎನ್ನುವುದೇ ಈ ವ್ಯವಹಾರದಲ್ಲಿ ಮೋಸದ ಮೊದಲ ಮೆಟ್ಟಿಲು. ಪ್ರಸಿದ್ಧ ಹೆಸರಿನ ಹಿಂದೆ ಮುಂದೆ ಒಂದು ಪದ ಸೇರಿಸಿಕೊಂಡು ನಡೆಸುವವರು ಬಹಳ ಜನ ಇದ್ದಾರೆ. ಅವರ ಜಿಎಸ್‌ಟಿ ನಂಬರು ಕೇಳಿ, ಜಾಲತಾಣದಲ್ಲಿ ಕಾಣುವ ಹೆಸರು ಮತ್ತು ವಿಳಾಸ ಬರೆದುಕೊಂಡು, ನಿಮ್ಮ ಪತಿಯವರೋ ಮಕ್ಕಳೋ ಒಮ್ಮೆ ಆ ವಿಳಾಸಕ್ಕೆ ಹೋಗಿ ಬರಲಿ. ಕಲ್ಯಾಣ, ಭಿವಂಡಿ ನಿಮಗೆ ದೂರವಲ್ಲ. ಅಲ್ಲಿ ಆಫೀಸು, ಗೋದಾಮು ಇದ್ದು ಅದೇ ಹೆಸರಿನಲ್ಲಿ ಕೆಲಸ ನಡೆಯುತ್ತಿದ್ದರೆ ಮುಂದಿನ ಮಾತು. ಮನೆಗೆ ಬಂದು ಸಾಮಾನು ನೋಡದೆ ಫೋನಿನಲ್ಲೇ ದರ ಹೇಳುವವರು ಹೇರುವ ದಿನ ದರ ಏರಿಸುವುದು ಬಹುತೇಕ ಖಂಡಿತ. ಆಗ ಸಾಮಾನು ಅರ್ಧ ಲಾರಿಯಲ್ಲಿ, ಅರ್ಧ ಮೆಟ್ಟಿಲ ಮೇಲೆ ಇರುವುದರಿಂದ ಬೇಡ ಎನ್ನುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಕೇಳಿ: ಗಾಡಿ ನಿಮಗೊಬ್ಬರಿಗೇ ಬರುತ್ತದೆಯೇ ಅಥವಾ ಬೇರೆಯವರ ಸಾಮಾನೂ ಜೊತೆಗೆ ಇರುತ್ತದೆಯೇ? ಕಡಿಮೆ ದರದ ಗುಟ್ಟು ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಮನೆಯಿಂದ ಸಣ್ಣ ಟೆಂಪೊದಲ್ಲಿ ಒಯ್ದು, ಗೋದಾಮಿನಲ್ಲಿ ಇಳಿಸಿ, ಲೋಡ್ ತುಂಬಿದ ದಿನ ಬೇರೆ ಲಾರಿಗೆ ಹೇರುತ್ತಾರೆ. ಸಾಮಾನು ಒಡೆಯುವುದೂ ಕಳೆಯುವುದೂ ಹೆಚ್ಚಾಗಿ ಈ ಇಳಿಸಿ ಏರಿಸುವಲ್ಲಿಯೇ. ಎರಡನೆಯ ಲಾರಿಯ ನಂಬರನ್ನೂ ಲಿಖಿತವಾಗಿ ಕೊಡುವುದಾದರೆ ಒಪ್ಪಿಕೊಳ್ಳಬಹುದು. ಆಗ ಮೇಲಿನ ಉತ್ತರದಲ್ಲಿ ಹೇಳಿದಂತೆ ಎರಡೂ ನಂಬರುಗಳನ್ನು ಎಂ-ಪರಿವಾಹನ್‌ನಲ್ಲಿ ನೋಡಿ. ಪ್ರತಿ ಪೆಟ್ಟಿಗೆಗೂ ಅಂಕಿ ಬರೆದು, ಪಟ್ಟಿ ಮಾಡಿ, ಅವರ ಸಹಿ ಪಡೆಯಿರಿ. ಒಡವೆ, ಮನೆಯ ಪತ್ರಗಳು, ಪಿಂಚಣಿಯ ಕಾಗದಗಳು ನಿಮ್ಮ ಕೈಚೀಲದಲ್ಲೇ ಇರಲಿ. ಇ-ವೇ ಬಿಲ್ಲಿಗೆಂದು ಹೆಚ್ಚಿನ ಹಣ ಕೇಳಿದರೆ ಕೊಡಬೇಡಿ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ ಬೇಕಾಗಿಲ್ಲ ಎಂದು ನಿಯಮದಲ್ಲಿಯೇ ಇದೆ.

ಏನಾದರೂ ಹೆಚ್ಚುಕಡಿಮೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಠಾಣೆ ಜಿಲ್ಲೆಗೆ ಓಡಾಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಮಾಡಿದೆ, ಆದ್ದರಿಂದ ಉಡುಪಿಯಲ್ಲಿಯೇ ಸಲ್ಲಿಸಬಹುದು.

ಪ್ರಶ್ನೆ: ಟೈಲ್ಸ್ ತರಲು ಗೊತ್ತು ಮಾಡಿದ ಲಾರಿಯವರು ಕಾಗದಗಳ ಬದಲು ಮೊಬೈಲ್ ತೋರಿಸಿದರು. ಇದು ನಡೆಯುತ್ತದೆಯೇ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದ್ದರೆ ನಡೆಯುತ್ತದೆ, 2018ರಿಂದ ನಿಯಮವೇ ಅದನ್ನು ಒಪ್ಪಿದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಆರ್‌ಸಿಯ ಫೋಟೊ ಆ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಫೋಟೊ ಮಾತ್ರ ಇದ್ದರೆ ನಿಮ್ಮ ಫೋನಿನಲ್ಲಿಯೇ ಗಾಡಿಯ ನಂಬರು ಹಾಕಿ ನೋಡಿಕೊಳ್ಳಿ.

ಪ್ರಶ್ನೆ: ಚಿಂಚವಡದ ನಮ್ಮ ಘಟಕದಿಂದ ಅಮೆರಿಕಕ್ಕೆ ಎರಕದ ಭಾಗಗಳನ್ನು ರಫ್ತು ಮಾಡುತ್ತೇವೆ. ಹೊಸ ಗ್ರಾಹಕರು ತಮ್ಮ ಗೋದಾಮಿನವರೆಗೂ ನಾವೇ ಮುಟ್ಟಿಸಬೇಕೆಂದು ಕೇಳಿದ್ದಾರೆ. ಅಲ್ಲಿನ ಬಂದರಿನಿಂದ ಮುಂದಕ್ಕೆ ಒಯ್ಯುವ ಟ್ರಕ್ ಕಂಪನಿಯನ್ನು ಇಲ್ಲಿ ಕುಳಿತು ಪರೀಕ್ಷಿಸಲು ಸಾಧ್ಯವೇ?
— ಓದುಗರು, ಚಿಂಚವಡ

ಉತ್ತರ: ಸಾಧ್ಯ, ಮತ್ತು ಒಂದು ರೀತಿಯಲ್ಲಿ ಇಲ್ಲಿಗಿಂತ ಸುಲಭ. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಕಂಪನಿಗೆ ಯುಎಸ್‌ಡಾಟ್ ನಂಬರು ಎಂಬ ಗುರುತು ಇರುತ್ತದೆ, ಸುರಕ್ಷತೆಯ ದಾಖಲೆ ಆ ನಂಬರಿನ ಕೆಳಗೆ ಇಡೀ ಕಂಪನಿಗೇ ಸೇರುತ್ತದೆ. ಇದನ್ನು ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಸಿಎಸ್‌ಎ. ಅದರ ಸೇಫರ್ ಜಾಲತಾಣದಲ್ಲಿ ನಂಬರನ್ನಾಗಲಿ ಹೆಸರನ್ನಾಗಲಿ ಹಾಕಿದರೆ ಯಾವ ಶುಲ್ಕವೂ ಇಲ್ಲದೆ ಕಂಪನಿಯ ಒಂದು ಪುಟದ ಚಿತ್ರಣ ಸಿಗುತ್ತದೆ. ಮೊದಲು, ಅದು ಟ್ರಕ್ ಓಡಿಸುವ ಕಂಪನಿಯೋ ಬರೀ ಬ್ರೋಕರೋ ಎಂಬುದನ್ನು ನೋಡಿ. ಬ್ರೋಕರ್ ಆದರೆ ಅವರು ಯಾವ ಕಂಪನಿಗೆ ಸರಕು ಒಪ್ಪಿಸುತ್ತಾರೋ ಅದರ ನಂಬರನ್ನು ಪ್ರತ್ಯೇಕವಾಗಿ ಕೇಳಬೇಕು. ಬಾಡಿಗೆಗೆ ಸಾಗಿಸುವ ಅಧಿಕಾರ ಚಾಲ್ತಿಯಲ್ಲಿರಬೇಕು. ಸಾಮಾನ್ಯ ಸರಕಿಗೆ ಅಲ್ಲಿ ಕನಿಷ್ಠ 7,50,000 ಡಾಲರಿನ ಹೊಣೆಗಾರಿಕೆ ವಿಮೆ ಕಡ್ಡಾಯ. ನಮ್ಮಲ್ಲಿಯಂತೆಯೇ ಅದು ಇತರರಿಗೆ ಆಗುವ ಹಾನಿಗೆ ಇರುವ ವಿಮೆಯಾದ್ದರಿಂದ ಸರಕಿನ ವಿಮೆಯ ಪ್ರಮಾಣಪತ್ರವನ್ನು ಬೇರೆಯಾಗಿ ತರಿಸಿಕೊಳ್ಳಿ.

ಆ ಪುಟದಲ್ಲಿ ಕಳೆದ 24 ತಿಂಗಳ ರಸ್ತೆಬದಿಯ ತಪಾಸಣೆಗಳ ಲೆಕ್ಕ, ಅವುಗಳಲ್ಲಿ ಎಷ್ಟು ಗಾಡಿಗಳನ್ನು ಮತ್ತು ಚಾಲಕರನ್ನು ಮುಂದೆ ಹೋಗದಂತೆ ಅಲ್ಲಿಯೇ ತಡೆಯಲಾಯಿತು ಎಂಬ ಶೇಕಡಾವಾರು, ಅದರ ಪಕ್ಕದಲ್ಲೇ ರಾಷ್ಟ್ರೀಯ ಸರಾಸರಿ ಇರುತ್ತದೆ. ನೀವು ಹೋಲಿಸಬೇಕಾದದ್ದು ಈ ಎರಡು ಅಂಕಿಗಳನ್ನು. ಎರಡೋ ಮೂರೋ ತಪಾಸಣೆ ಮಾತ್ರ ಆಗಿರುವ ಸಣ್ಣ ಕಂಪನಿಯಲ್ಲಿ ಒಂದು ಗಾಡಿ ನಿಂತರೂ ಶೇಕಡಾವಾರು ಬಹಳ ಏರಿಬಿಡುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಪಘಾತಗಳ ಸಂಖ್ಯೆಯೂ ಇರುತ್ತದೆ. ತಪ್ಪು ಯಾರದೆಂದು ನಿರ್ಧರಿಸದೆ ಕೊಟ್ಟಿರುವ ಅಂಕಿ ಅದು, ಗಾಡಿಗಳ ಸಂಖ್ಯೆಯೊಂದಿಗೆ ಹೊಂದಿಸಿ ಓದಬೇಕು. ಸುರಕ್ಷತಾ ದರ್ಜೆ ತೃಪ್ತಿಕರ, ಷರತ್ತುಬದ್ಧ, ಅತೃಪ್ತಿಕರ ಎಂದು ಮೂರು ಬಗೆ. ಬಹಳಷ್ಟು ಕಂಪನಿಗಳಿಗೆ ದರ್ಜೆಯೇ ಸಿಕ್ಕಿರುವುದಿಲ್ಲ, ಅದು ದೋಷವಲ್ಲ. ಷರತ್ತುಬದ್ಧ ಎಂದಿದ್ದರೆ ಮಾತ್ರ ಕಾರಣವನ್ನು ಲಿಖಿತವಾಗಿ ಕೇಳಿ, ಅತೃಪ್ತಿಕರ ಎಂದಿದ್ದರೆ ಬಿಟ್ಟುಬಿಡಿ. 2015ರ ಡಿಸೆಂಬರಿನಲ್ಲಿ ಬಂದ ಕಾನೂನಿನ ನಂತರ ಸರಕು ಕಂಪನಿಗಳ ತುಲನಾತ್ಮಕ ಅಂಕಗಳನ್ನು ಸಾರ್ವಜನಿಕರಿಗೆ ತೋರಿಸುವುದು ನಿಂತಿದೆ, ಆದರೆ ತಪಾಸಣೆ ಮತ್ತು ಉಲ್ಲಂಘನೆಗಳ ಮೂಲ ವಿವರ ಈಗಲೂ ಸಿಗುತ್ತದೆ.

ಕೆಟ್ಟ ದಾಖಲೆಯ ಕಂಪನಿಯನ್ನು ಮುಚ್ಚಿ ಹೊಸ ಹೆಸರು, ಹೊಸ ನಂಬರಿನಿಂದ ಮತ್ತೆ ಆರಂಭಿಸುವವರು ಅಲ್ಲಿಯೂ ಇದ್ದಾರೆ. ನಂಬರು ತೀರ ಹೊಸದಾಗಿದ್ದು ಗಾಡಿಗಳು ಮಾತ್ರ ಬಹಳಷ್ಟಿದ್ದರೆ, ಅದೇ ವಿಳಾಸ ಮತ್ತು ಫೋನ್ ನಂಬರಿನಲ್ಲಿ ಹಿಂದೆ ಬೇರೆ ಕಂಪನಿ ಇತ್ತೇ ಎಂದು ಹುಡುಕಿ ನೋಡಿ. ಕಂಟೇನರ್ ಮುಂಬಯಿ ಬಳಿಯ ನವಾ ಶೇವಾ ಬಂದರಿನಿಂದ ಹೊರಟು ಅಲ್ಲಿಗೆ ಮುಟ್ಟುವವರೆಗೆ ವಾರಗಳೇ ಹಿಡಿಯುವುದರಿಂದ, ಬುಕಿಂಗ್ ಮಾಡುವಾಗ ಒಮ್ಮೆ ಮತ್ತು ಹಡಗು ಬಂದರು ತಲುಪುವ ವಾರ ಇನ್ನೊಮ್ಮೆ ಆ ಪುಟವನ್ನೂ ಎಫ್‌ಎಂಸಿಎಸ್‌ಎಯ ವಿಮಾ ದಾಖಲೆಯ ಪುಟವನ್ನೂ ತೆರೆದು, ಅಧಿಕಾರ ಮತ್ತು ವಿಮೆ ಎರಡೂ ಆಗಲೂ ಚಾಲ್ತಿಯಲ್ಲಿವೆಯೇ ಎಂದು ನೋಡಿ ಪುಟಗಳ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.